ಗೆಡ್ಡೆ ಕುದಿಸಿ ಕುಡಿದವರು

ಮೆಕ್ಸಿಕೊ ನಗರ
೧೨ ಫೆಬ್ರವರಿ ೧೯೬೧

ಪ್ರೀತಿಯ ತೊಮಾಸಾ ಅಕ್ಕಾ,

ಈ ಕಾಗದವನ್ನು ನಿಂತುಕೊಂಡು ಓದಬೇಡ, ಕೂತುಕೋ. ಮಕ್ಕಳನ್ನು ಹೊರಗೆ ಅಟ್ಟು. ಭಾವ ಮನೆಯಲ್ಲಿದ್ದರೆ ಇದನ್ನು ಮಡಚಿ ಜೋಳದ ಬುಟ್ಟಿಯಡಿ ಹಾಕಿಬಿಡು, ಅವನು ಬೆಟ್ಟಕ್ಕೆ ಹೋದ ಮೇಲೆ ತೆಗೆ.

ಗೊತ್ತಾಯಿತು ಅಕ್ಕಾ, ಗೊತ್ತಾಯಿತು! ನೀನೂ ಭಾವನೂ ಬೆನ್ನು ಮುರಿದುಕೊಂಡು ಕಾಡಿನಿಂದ ಅಗೆದು ತರುವ ಬರ್ಬಾಸ್ಕೊ ಗೆಡ್ಡೆ ಇಲ್ಲಿಗೆ ಬಂದು ಏನಾಗುತ್ತದೆ ಎಂದು ಕೊನೆಗೂ ಗೊತ್ತಾಯಿತು. ಸಾಬೂನು ಮಾಡುತ್ತಾರೆ ಎಂದು ಭಾವ ಹೇಳುತ್ತಿದ್ದ. ಗಡಿಯಾಚೆಯ ಬಿಳಿ ಗ್ರಿಂಗೊಗಳ ಸೈನ್ಯಕ್ಕೆ ವಿಷ ಮಾಡುತ್ತಾರೆ ಎಂದು ಗೆಡ್ಡೆ ಕೊಳ್ಳುವವನು ಹೇಳುತ್ತಿದ್ದ. ಇಬ್ಬರೂ ಬುರುಡೆ ಬಿಟ್ಟಿದ್ದಾರೆ. ಆ ಗೆಡ್ಡೆಯಿಂದ ಮಕ್ಕಳಾಗದ ಹಾಗೆ ತಡೆಯುವ ಮಾತ್ರೆ ಮಾಡುತ್ತಾರೆ!

ಈ ಪ್ರಯೋಗಶಾಲೆಯಲ್ಲಿ ಗಾಜಿನ ಬುಂಡೆ ತೊಳೆಯಲು ಸೇರಿ ಎರಡು ವರ್ಷವಾಯಿತು, ಒಬ್ಬರೂ ಬಾಯಿ ಬಿಟ್ಟಿರಲಿಲ್ಲ. ನಿನ್ನೆ ಮಧ್ಯಾಹ್ನ ತಾರಸಿಯ ಮೇಲೆ ಊಟಕ್ಕೆ ಕೂತಿದ್ದಾಗ ಆಂಪಾರೊ ಮೇಡಂ ಕಿತ್ತಳೆಗೆ ಖಾರದ ಪುಡಿ ಹಚ್ಚಿಕೊಂಡು ಬಂದು ನಮ್ಮ ಜೊತೆಗೇ ಕೂತರು. ಅವರು ರಸಾಯನಶಾಸ್ತ್ರ ಓದಿದವರು, ಆದರೆ ಜಂಬ ಇಲ್ಲ. ನಾನು ಸುಮ್ಮನೆ, "ಮೇಡಂ, ನಮ್ಮೂರ ಗೆಡ್ಡೆ ಇಲ್ಲಿ ಇಷ್ಟು ಬಿಳಿ ಪುಡಿ ಆಗುತ್ತಲ್ಲ, ಅದನ್ನ ಯಾರು ತಿಂತಾರೆ?" ಎಂದೆ. ಅವರು ಕಿತ್ತಳೆ ಕೆಳಗಿಟ್ಟು, "ಅಯ್ಯೋ ಹುಡುಗಿ, ನಿಂಗೆ ಯಾರೂ ಹೇಳೇ ಇಲ್ವಾ?" ಎಂದು ಶುರು ಮಾಡಿದವರು ಗಂಟೆ ಹೊಡೆದರೂ ನಿಲ್ಲಿಸಲಿಲ್ಲ. ದಿನಕ್ಕೊಂದು ಮಾತ್ರೆ ನುಂಗಬೇಕಂತೆ, ಅಷ್ಟೇ. ಗಂಡನಿಗೆ ಗೊತ್ತಾಗುವುದೂ ಇಲ್ಲವಂತೆ.

ಇದಕ್ಕಾಗಿ ಹೆಂಗಸರು ಏನೇನು ಪಾಡು ಪಟ್ಟಿದ್ದಾರೆ ಗೊತ್ತೇ? ಈಜಿಪ್ಟಿನವರು ಮೊಸಳೆಯ ಸಗಣಿಯನ್ನು ಕಲಸಿ ಒಳಗೆ ಇಟ್ಟುಕೊಳ್ಳುತ್ತಿದ್ದರಂತೆ. ಚೀನಾದವರು ಪಾದರಸ ಕುಡಿಯುತ್ತಿದ್ದರಂತೆ. ಹಳೆಯ ಕಾಲದ ಗ್ರೀಕ್ ವೈದ್ಯನೊಬ್ಬ, ಗಂಡ ಮಗ್ಗುಲು ಬದಲಿಸಿದ ಕೂಡಲೇ ಎದ್ದು ಕುಕ್ಕರಗಾಲಲ್ಲಿ ಕೂತು ಜೋರಾಗಿ ಸೀನಬೇಕು ಎಂದು ಬರೆದಿಟ್ಟಿದ್ದಾನಂತೆ. ಆಫ್ರಿಕಾದ ಕಡಲ ದಂಡೆಯ ಒಂದು ಊರಿನಲ್ಲಿ ಇದಕ್ಕೇ ಒಂದು ಗಿಡ ಬೆಳೆಯುತ್ತಿತ್ತು, ಬೆಳ್ಳಿಯ ತೂಕಕ್ಕೆ ಮಾರುತ್ತಿದ್ದರು, ಕಿತ್ತೂ ಕಿತ್ತೂ ಕೊನೆಗೆ ಒಂದು ಬೇರೂ ಉಳಿಯಲಿಲ್ಲವಂತೆ. ಇದನ್ನೆಲ್ಲ ಕೇಳುವಾಗ ನನಗೆ ನೀನೇ ಕಣ್ಣ ಮುಂದೆ ಬರುತ್ತಿದ್ದೆ.

ಲಿನೊ ಹುಟ್ಟಿದ ಮೇಲೆ ನೀನು ಏನನ್ನೂ ಸರಿಯಾಗಿ ಬರೆದಿಲ್ಲ. ಹುಷಾರಾಗಿದ್ದೇನೆ ಎಂದಷ್ಟೇ ಬರೆಯುತ್ತೀ. ನಿಜವಾಗಿಯೂ ಹೇಗಿದ್ದೀ?

ನಿನ್ನ ತಂಗಿ,
ಒತಿಲಿಯಾ

*

ಅರೋಯೊ ಹೋಂದೊ
೨೬ ಫೆಬ್ರವರಿ ೧೯೬೧

ಮುದ್ದು ಒತಿಲಿಯಾ,

ಕಾಗದ ಮೂರು ಸಲ ಓದಿದೆ. ಎಂಟು ವರ್ಷದಿಂದ ಆ ದರಿದ್ರ ಗೆಡ್ಡೆಯನ್ನು ಬೆನ್ನ ಮೇಲೆ ಹೊತ್ತು ಇಳಿಸುತ್ತಿದ್ದೇನೆ. ಹೊಟ್ಟೆಯಲ್ಲಿ ಒಂದು, ಬೆನ್ನ ಮೇಲೆ ಒಂದು ಮೂಟೆ. ಬೆನ್ನ ಮೇಲಿನದು ಹೊಟ್ಟೆಯೊಳಗಿನದಕ್ಕೆ ಔಷಧಿ ಎಂದು ಒಬ್ಬನಾದರೂ ಹೇಳಬಾರದಿತ್ತೇ! ನಿನ್ನ ಗ್ರೀಕ್ ವೈದ್ಯನಿಗೆ ನನ್ನ ನಮಸ್ಕಾರ ಹೇಳು. ದಿನ ಬೆಳಗಾದರೆ ಮೆಣಸಿನಕಾಯಿ ಹುರಿಯುವ ಮನೆ ನಮ್ಮದು. ಸೀನಿದರೆ ಮಕ್ಕಳಾಗುವುದಿಲ್ಲ ಎನ್ನುವುದಾದರೆ ನಾನು ಇಷ್ಟು ಹೊತ್ತಿಗೆ ಸನ್ಯಾಸಿನಿಯಾಗಿರಬೇಕಿತ್ತು.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನಿನಗೆ ಹೇಳಬಾರದು ಎಂದುಕೊಂಡಿದ್ದೆ. ಹೋದ ವರ್ಷ ಲಿನೊ ಹುಟ್ಟಿದಾಗ ರಕ್ತ ನಿಲ್ಲಲಿಲ್ಲ. ಹೊದ್ದ ಶಾಲು, ಚಾಪೆ, ಕೆಳಗಿನ ನೆಲ ಎಲ್ಲ ತೊಯ್ದು ಹೋಯಿತು. ಸೂಲಗಿತ್ತಿ ಚೆಂಚಾ ಮುಷ್ಟಿ ಹಾಕಿ ಹೊಟ್ಟೆ ಒತ್ತಿ ಹಿಡಿದು ಹೇಗೋ ಉಳಿಸಿಕೊಂಡಳು. ಮೂರನೆಯ ದಿನ ನನ್ನ ಕಿವಿಯ ಹತ್ತಿರ ಬಂದು, "ನೋಡವ್ವಾ, ಇನ್ನೊಂದು ಹೆರಿಗೆ ಆದ್ರೆ ನನ್ನ ಕರೀಬ್ಯಾಡ. ಸೀದಾ ಪಾದ್ರೀನೇ ಕರ್ಸು," ಎಂದಳು. ಅವತ್ತಿನಿಂದ ನನಗೆ ಹೆದರಿಕೆ. ನಿನ್ನ ಭಾವ ನಿಕಾನೋರ್ ಕೈ ಮೈಮೇಲೆ ಬಿದ್ದರೆ ಹೆದರಿಕೆ, ಪ್ರತಿ ತಿಂಗಳು ದಿನ ಹತ್ತಿರ ಬಂದರೆ ಹೆದರಿಕೆ. ಅವನಿಗೆ ಹೇಳಿಲ್ಲ. ಅವರಮ್ಮ ಹನ್ನೆರಡು ಹೆತ್ತವಳು. ಮಕ್ಕಳೆಂದರೆ ಗೆಡ್ಡೆ ಅಗೆಯುವ ಕೈಗಳು ಎಂದು ಎದೆಯುಬ್ಬಿಸಿ ಹೇಳುವವನಿಗೆ ಏನು ಹೇಳಲಿ?

ನಿನ್ನ ಕಾಗದವನ್ನು ಚೆಂಚಾಗೆ ಓದಿ ಹೇಳಿದೆ. ಪಕ್ಕದ ಮನೆಯ ಹಸಿಂತಾ ಮತ್ತು ಅವಳ ನಾದಿನಿಯೂ ಕೇಳಿಸಿಕೊಂಡರು. ಮೊಸಳೆಯ ವಿಷಯ ಬಂದಾಗ ಹಸಿಂತಾ ಬಿದ್ದು ಬಿದ್ದು ನಕ್ಕಳು. "ಸಗಣಿ ಇಟ್ಕೊಂಡ್ರೆ ಗಂಡ ಹತ್ರಕ್ಕೇ ಬರಲ್ಲ, ಇನ್ನು ಮಕ್ಳು ಎಲ್ಲಿಂದ ಆಗ್ತವೆ!" ಎಂದಳು. ನನಗೇ ಒಂದು ಅನುಮಾನ ಬಂತು. ಹೊಳೆಯಲ್ಲಿ ಮೀನು ಹಿಡಿಯುವಾಗ ನಾವು ಬರ್ಬಾಸ್ಕೊವನ್ನೇ ಜಜ್ಜಿ ನೀರಿಗೆ ಬಿಡುತ್ತೇವೆ, ಮೀನೆಲ್ಲ ಹೊಟ್ಟೆ ಮೇಲಾಗಿ ತೇಲುತ್ತವೆ, ಮನುಷ್ಯರು ಕುಡಿಯಬಹುದೇ ಎಂದೆ. ಚೆಂಚಾ ಗದರಿದಳು, "ವಿಷ ಇರೋದು ಹಸೀ ಗೆಡ್ಡೇಲಿ ಕಣೇ. ಕುದ್ಸಿ ನೊರೆ ತೆಗೆದ್ರೆ ವಿಷ ಹೋಗ್ತದೆ, ಗುಣ ಉಳ್ಕೊತದೆ. ನಾನು ಎಷ್ಟು ಬೇರು ಕುದ್ಸಿಲ್ಲ!"

ಹಾಗಾದರೆ ಒಂದು ಕೊಡ ನೀರಿಗೆ ಎಷ್ಟು ಗೆಡ್ಡೆ ಹಾಕಬೇಕು? ಮೇಡಂ ಅವರನ್ನು ಕೇಳಿ ಬೇಗ ಬರೆ. ಇಲ್ಲಿ ಮೂವರು ಬಟ್ಟಲು ಹಿಡಿದು ಕೂತಿದ್ದೇವೆ.

ನಿನ್ನ ಅಕ್ಕ,
ತೊಮಾಸಾ

*

ಮೆಕ್ಸಿಕೊ ನಗರ
೫ ಮಾರ್ಚ್ ೧೯೬೧

ಅಕ್ಕಾ,

ಕುಡಿಯಬೇಡ! ಕುಡಿಯಬೇಡ! ಯಾರೂ ಕುಡಿಯಬೇಡಿ!

ನಿನ್ನ ಕಾಗದ ಈಗ ತಾನೇ ಬಂತು. ಅಂಚೆಗೆ ಹಾಕಿದರೆ ತಡವಾಗುತ್ತದೆ ಎಂದು ಇದನ್ನು ನಿಮ್ಮ ಪೇಟೆ ತುಷ್ತೆಪೆಕ್‌ಗೆ ಹೋಗುವ ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ. ಮಾತ್ರೆ ಆಗುವ ಹೊತ್ತಿಗೆ ಅದು ಗೆಡ್ಡೆಯಾಗಿ ಉಳಿದೇ ಇರುವುದಿಲ್ಲ ಅಕ್ಕಾ. ಕೊಳೆಸಿ, ಒಣಗಿಸಿ, ಆಮ್ಲದಲ್ಲಿ ಬೇಯಿಸಿ, ಹರಳು ಮಾಡಿ, ಆ ಹರಳನ್ನು ಮತ್ತೆ ಕರಗಿಸಿ, ಒಳಗಿರುವುದನ್ನು ಒಂದು ಕಡೆ ಕತ್ತರಿಸಿ ಇನ್ನೊಂದು ಕಡೆ ಕಸಿ ಮಾಡಿದ ಹಾಗೆ ಏನೇನೋ ಮಾಡುತ್ತಾರೆ. ಮೂಟೆಗಟ್ಟಲೆ ಗೆಡ್ಡೆಯಿಂದ ಹಿಡಿಯಷ್ಟು ಪುಡಿ. ನೀನು ಕುದಿಸಿದರೆ ಸಿಗುವುದು ಬರೀ ವಿಷ. ಚೆಂಚಾಗೆ ನನ್ನ ಕಡೆಯಿಂದ ಕಾಲಿಗೆ ಬಿದ್ದು ಹೇಳು, ಒಲೆ ಆರಿಸಲಿ.

ನೀನು ಬರೆದ ಇನ್ನೊಂದು ವಿಷಯ ಓದಿ ಅಳು ತಡೆಯಲಾಗಲಿಲ್ಲ. ಇಷ್ಟು ದಿನ ಒಬ್ಬಳೇ ಇಟ್ಟುಕೊಂಡಿದ್ದೆಯಲ್ಲ. ನಾನು ಏನಾದರೂ ಮಾಡುತ್ತೇನೆ. ಮಾಡೇ ಮಾಡುತ್ತೇನೆ.

ಒತಿಲಿಯಾ

*

ಅರೋಯೊ ಹೋಂದೊ
೧೦ ಮಾರ್ಚ್ ೧೯೬೧

ಒತಿಲಿಯಾ,

ನಿನ್ನ ಕಾಗದ ಮಂಗಳವಾರ ಬಂತು. ನಾವು ಅದಕ್ಕೆ ಕಾಯದೆ ಭಾನುವಾರವೇ ಕುಡಿದಿದ್ದೆವು.

ಕೈಗೆ ಇನ್ನೂ ಶಕ್ತಿ ಬಂದಿಲ್ಲ, ಅಕ್ಷರ ಸೊಟ್ಟಗಾದರೆ ಕ್ಷಮಿಸು. ಗಂಡಸರೆಲ್ಲ ಕೋಳಿ ಅಂಕಕ್ಕೆ ಹೋದ ಹೊತ್ತು ನೋಡಿ ಹಸಿಂತಾಳ ಹಿತ್ತಲಲ್ಲಿ ಹಂಡೆ ಏರಿಸಿದೆವು. ನೊರೆ ತೆಗೆದಷ್ಟೂ ಬಂತು, ಅಗಸರ ಕಲ್ಲಿನ ಮೇಲೆ ಬರುವ ಹಾಗೆ. ನಾನು, ಹಸಿಂತಾ, ಅವಳ ನಾದಿನಿ ಮೂವರೂ ಶಿಲುಬೆಯ ಗುರುತು ಮಾಡಿಕೊಂಡು, ಮೂಗು ಹಿಡಿದು ಒಂದೊಂದು ಬಟ್ಟಲು ಏರಿಸಿದೆವು. ಚೆಂಚಾ ಮಾತ್ರ ಕುಡಿಯಲಿಲ್ಲ. "ನಂಗ್ಯಾಕೆ? ನನ್ನ ಅಂಗ್ಡಿ ಮುಚ್ಚಿ ಇಪ್ಪತ್ ವರ್ಷ ಆಯ್ತು," ಎಂದಳು. ಒಂದು ಜಪಮಾಲೆ ಮುಗಿಯುವಷ್ಟರಲ್ಲಿ ಹಸಿಂತಾ ಬೇಲಿ ಹಿಡಿದಳು. ಆಮೇಲೆ ನನಗೆ ಶುರುವಾಯಿತು. ಮೇಲೂ ಹೋಯಿತು, ಕೆಳಗೂ ಹೋಯಿತು, ಕರುಳೇ ಲೋಕ ನೋಡಲು ಹೊರಟಿದೆ ಎನಿಸಿತು. ಹೊಳೆಯ ಮೀನುಗಳಿಗೆ ಹೇಗಾಗುತ್ತಿತ್ತು ಎಂದು ಈಗ ಚೆನ್ನಾಗಿ ಗೊತ್ತು.

ಕಣ್ಣು ಕತ್ತಲೆಯಾದಾಗ ನನಗೆ ಆರು ಮಕ್ಕಳ ಮುಖ ಸಾಲಾಗಿ ಕಂಡಿತು. ಹೆರಿಗೆಯಲ್ಲಿ ಸಾಯುತ್ತೇನೆ ಎಂದು ಹೆದರಿ, ಹೆರಿಗೆ ತಪ್ಪಿಸಲು ಹೋಗಿ ಸಾಯುತ್ತಿದ್ದೇನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆಗಲೇ ಗ್ವಾದಲೂಪೆಯ ತಾಯಿಗೆ, ಆ ದೇವಮಾತೆಗೆ, ಹರಕೆ ಹೊತ್ತೆ. ಉಳಿಸು ತಾಯೀ, ರಾಜಧಾನಿಗೆ ಬಂದು ನಿನ್ನ ಇಗರ್ಜಿಯ ಅಂಗಳವನ್ನು ಮೊಣಕಾಲಲ್ಲಿ ದಾಟುತ್ತೇನೆ ಎಂದೆ. ಬೇಲಿ ಹಿಡಿದುಕೊಂಡೇ ಹಸಿಂತಾನೂ "ನಾನೂ!" ಎಂದಳು. ನಾದಿನಿ ವಾಂತಿಯ ಮಧ್ಯೆಯೇ ಹೌದೆಂದು ತಲೆ ಆಡಿಸಿದಳು.

ನಿಕಾನೋರ್ ಬಂದು ನೋಡಿದವನೇ ನನ್ನನ್ನು ಗೆಡ್ಡೆ ಮೂಟೆಯ ಹಾಗೆ ಹೆಗಲಿಗೆ ಹಾಕಿಕೊಂಡು ಮನೆಗೆ ಓಡಿದ. ಕೆಟ್ಟ ಮೀನು ತಿಂದೆವು ಎಂದು ಚೆಂಚಾ ಕಣ್ಣು ಮಿಟುಕಿಸದೆ ಸುಳ್ಳು ಹೇಳಿದಳು. ಅವತ್ತಿನಿಂದ ನಾನು ಬಾಯಿಗೆ ಏನು ಹಾಕಿದರೂ ನಿಕಾನೋರ್ ಮೊದಲು ಮೂಸಿ ನೋಡುತ್ತಾನೆ. ಹರಕೆಯ ವಿಷಯ ಹೇಳಿದೆ. ಇಷ್ಟು ವರ್ಷದಲ್ಲಿ ನನ್ನನ್ನು ತುಷ್ತೆಪೆಕ್ ಸಂತೆಗೂ ಒಬ್ಬಳನ್ನೇ ಬಿಟ್ಟವನಲ್ಲ. ಆದರೆ ಟೋಪಿ ತೆಗೆದು, "ತಾಯಿಗೆ ಮಾತು ಕೊಟ್ಮೇಲೆ ಮುಗೀತು. ಹೋಗ್ಬಾ. ಮಕ್ಳನ್ನ ನಾ ನೋಡ್ಕತೀನಿ," ಎಂದ.

ಓದಿದೆಯಾ? ಹೋಗಿ ಬಾ ಎಂದ! ನಾನು ರಾಜಧಾನಿಗೆ ಬರುತ್ತಿದ್ದೇನೆ ಒತಿಲಿಯಾ!

ತೊಮಾಸಾ

*

ಮೆಕ್ಸಿಕೊ ನಗರ
೧೮ ಮಾರ್ಚ್ ೧೯೬೧

ಅಕ್ಕಾ, ನನ್ನ ಅಕ್ಕಾ,

ಬದುಕಿದ್ದೀಯಲ್ಲ, ಸಾಕು. ನಿನ್ನ ಕಾಗದವನ್ನು ಆಂಪಾರೊ ಮೇಡಂಗೆ ಓದಿ ಹೇಳಿದೆ. ಮೊದಲು ನಕ್ಕರು, ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. ಸಂಜೆ ನನ್ನನ್ನು ಕೈಹಿಡಿದು ಒಂದು ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬರು ಡಾಕ್ಟರಮ್ಮ ಇದ್ದಾರೆ, ಮುಟ್ಟು ಸರಿಮಾಡುವ ಔಷಧಿ ಎಂಬ ಹೆಸರಿನಲ್ಲಿ ಇದೇ ಮಾತ್ರೆ ಕೊಡುತ್ತಾರೆ. ಕಾನೂನಿನ ಕಾಟ ಇರುವುದರಿಂದ ಬೋರ್ಡು ಗೀರ್ಡು ಏನೂ ಇಲ್ಲ. ನಿನ್ನ ವಿಷಯ ಹೇಳಿದೆ. ಕರೆದುಕೊಂಡು ಬಾ, ಪರೀಕ್ಷೆ ಮಾಡದೆ ಕೊಡುವುದಿಲ್ಲ ಎಂದರು.

ಈಸ್ಟರ್ ಕಳೆದ ಮರುವಾರ ಯಾತ್ರಿಕರ ಬಸ್ಸು ಹತ್ತಿ ಬನ್ನಿ. ಮೊದಲು ತಾಯಿಯ ದರ್ಶನ, ಆಮೇಲೆ ಡಾಕ್ಟರಮ್ಮ. ಹರಕೆಯನ್ನು ನೆಪ ಮಾಡಿಕೊಂಡೆವು ಅನಿಸಬಾರದು. ಚೆಂಚಾಳನ್ನೂ ಕರೆತಾ, ಆಗ ಯಾರಿಗೂ ಅನುಮಾನ ಬರುವುದಿಲ್ಲ. ನನಗೆ ಕೆಲಸದಲ್ಲಿ ಕೈ ನಿಲ್ಲುತ್ತಿಲ್ಲ. ಇವತ್ತು ಬುಂಡೆಗಳನ್ನು ತೊಳೆದು ಮತ್ತೆ ಅವನ್ನೇ ತೊಳೆದೆನಂತೆ.

ಒಂದು ಮಾತು. ಈಗಾಗಲೇ ಮುಟ್ಟು ನಿಂತು ಬಸಿರಾಗಿದ್ದರೆ ಮಾತ್ರೆ ಕೊಡುವುದಿಲ್ಲವಂತೆ. ಹಾಗೇನೂ ಇಲ್ಲ ತಾನೇ?

ಒತಿಲಿಯಾ

*

ಅರೋಯೊ ಹೋಂದೊ
೧೬ ಏಪ್ರಿಲ್ ೧೯೬೧

ಮುದ್ದು ತಂಗಿ,

ಮನೆ ತಲುಪಿದೆವು. ಮಕ್ಕಳು ತಲೆ ಬಾಚಿಕೊಂಡು, ಉಗುರು ಕತ್ತರಿಸಿಕೊಂಡು ಸಾಲಾಗಿ ನಿಂತಿದ್ದವು. ನಿಕಾನೋರ್ ತೋರ್ತಿಯಾ ರೊಟ್ಟಿ ತಟ್ಟಲು ಕಲಿತಿದ್ದಾನೆ, ಚಪ್ಪಲಿ ಅಟ್ಟೆಯ ಹಾಗೆ ದಪ್ಪ. ನನ್ನ ಮೊಣಕಾಲಿನ ಗಾಯ ನೋಡಿ ನೀರು ಕಾಯಿಸಿ ತಂದ.

ನೀನು ತಾಯಿಯ ಇಗರ್ಜಿ ಬಸಿಲಿಕಾದಲ್ಲಿ ನನ್ನ ಪಕ್ಕದಲ್ಲೇ ಇದ್ದೆ, ಆದರೆ ನಾನು ಏನು ಬೇಡಿಕೊಂಡೆ ಎಂದು ಕೇಳಲಿಲ್ಲ. ಅಮ್ಮಾ, ನೀನು ಒಂದೇ ಹೆತ್ತೆ, ನಾನು ಆರು ಸಾಕುತ್ತಿದ್ದೇನೆ, ನನ್ನ ಮೇಲೆ ಸಿಟ್ಟಾಗಬೇಡ ಎಂದೆ. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಪಾದ್ರಿ ಏನು ಬೇಕಾದರೂ ಅಂದುಕೊಳ್ಳಲಿ, ಅವರಿಗೆ ಗರ್ಭಕೋಶ ಇಲ್ಲ.

ಚಿಕಿತ್ಸಾಲಯದಲ್ಲಿ ನೀನು ಪರೀಕ್ಷೆಗೆ ಹೆದರಿದ್ದ ಹಸಿಂತಾಳನ್ನು ಸಮಾಧಾನ ಮಾಡುತ್ತ ಹೊರಗೆ ಉಳಿದೆಯಲ್ಲ, ಒಳಗೆ ನಡೆದದ್ದನ್ನು ಈಗ ಹೇಳುತ್ತೇನೆ. ಡಾಕ್ಟರಮ್ಮ ಎಷ್ಟು ಮಕ್ಕಳು ಎಂದರು. ಹೊತ್ತಿದ್ದು ಒಂಬತ್ತು, ಹೆತ್ತಿದ್ದು ಏಳು, ಉಳಿದದ್ದು ಆರು ಎಂದೆ. ಅವರು ಬರೆಯುವುದನ್ನು ನಿಲ್ಲಿಸಿದರು. ಪರೀಕ್ಷೆ ಮಾಡಿ ಕೈ ತೊಳೆದುಕೊಂಡು ಬಂದು, "ಇನ್ನೊಂದು ಹೆರಿಗೆ ಆದರೆ ನಿಮ್ಮನ್ನ ಉಳಿಸ್ಕೊಳ್ಳೋದು ಇಲ್ಲೇ ಕಷ್ಟ. ನಿಮ್ಮೂರಲ್ಲಂತೂ ಆಗೋದೇ ಇಲ್ಲ," ಎಂದರು. ಅದನ್ನು ಕೇಳಿ ಅತ್ತಿದ್ದು ನಾನಲ್ಲ, ಚೆಂಚಾ. ತಾನು ಹೇಳಿದ್ದು ಸುಳ್ಳಾಗಲಿ ಎಂದು ಆ ಮುದುಕಿ ಬೆಳಗ್ಗೆ ತಾಯಿಯ ಮುಂದೆ ಮೇಣದ ಬತ್ತಿ ಹಚ್ಚಿದ್ದಳಂತೆ.

ಮಾತ್ರೆಯ ಕಂದು ಸೀಸೆ ಜೋಳದ ಬುಟ್ಟಿಯೊಳಗಿದೆ. ಮುಟ್ಟು ಕಾಣಿಸಿದ ಐದನೆಯ ದಿನದಿಂದ ದಿನಕ್ಕೊಂದು, ಒಂದೂ ತಪ್ಪಬಾರದು. ಕಾಣಿಸದಿದ್ದರೆ ಸೀಸೆ ತೆರೆಯಲೇಬಾರದು. ಈಗ ನಿಜ ಹೇಳುತ್ತೇನೆ, ದಿನ ದಾಟಿದೆ. ಅಲ್ಲಿ ಡಾಕ್ಟರಮ್ಮನಿಗೆ ಹೇಳಿದೆ. ಇಷ್ಟು ಬೇಗ ಪರೀಕ್ಷೆಯಲ್ಲಿ ತಿಳಿಯುವುದಿಲ್ಲ, ಗೆಡ್ಡೆಯ ವಿಷದಿಂದಲೂ ತಡವಾಗಬಹುದು, ಕಾಯಬೇಕು ಎಂದರು. ನಿನ್ನ ಮುಖ ಅಷ್ಟು ಸಂತೋಷವಾಗಿತ್ತು, ನಿನಗೆ ಹೇಳಲು ಮನಸ್ಸು ಬರಲಿಲ್ಲ.

ತೊಮಾಸಾ

*

ಮೆಕ್ಸಿಕೊ ನಗರ
೨೪ ಏಪ್ರಿಲ್ ೧೯೬೧

ಅಕ್ಕಾ,

ಬಂತೇ? ಬೇರೆ ಏನೂ ಬರೆಯಬೇಡ. ತಂತಿ ಕೊಡು.

ಒತಿಲಿಯಾ

*

ತಂತಿ
ತುಷ್ತೆಪೆಕ್, ೨ ಮೇ ೧೯೬೧

ಬಂತು. ತೊಮಾಸಾ.

*

ಮೆಕ್ಸಿಕೊ ನಗರ
೩ ಮೇ ೧೯೬೧

ಬಂತು, ಬಂತು, ಬಂತು!

ತಂತಿಯನ್ನು ಪ್ರಯೋಗಶಾಲೆಗೇ ತಂದುಕೊಟ್ಟರು. ನಾನು ಕಿರುಚಿದ ಸದ್ದಿಗೆ ಪಕ್ಕದ ಕೋಣೆಯವರು ಬೆಂಕಿ ಬಿತ್ತೆಂದು ಓಡಿಬಂದರು. ಕೈಯಲ್ಲಿದ್ದ ಬುಂಡೆ ಚೂರುಚೂರಾಯಿತು. ಆಂಪಾರೊ ಮೇಡಂ ಚೂರುಗಳ ಮಧ್ಯೆಯೇ ನನ್ನನ್ನು ತಬ್ಬಿಕೊಂಡು ಗಿರಗಿರ ತಿರುಗಿಸಿದರು. ಮುಟ್ಟಾಯಿತು ಎಂಬುದಕ್ಕೆ ಇಷ್ಟು ಸಂಭ್ರಮಪಟ್ಟವರು ಈ ದೇಶದಲ್ಲೇ ಯಾರೂ ಇರಲಿಕ್ಕಿಲ್ಲ.

ಐದನೆಯ ದಿನ ಮರೆಯಬೇಡ. ಭಾವನ ಕಣ್ಣಿಗೆ ಬೀಳದ ಹಾಗೆ ನೋಡಿಕೋ.

ಒತಿಲಿಯಾ

*

ಅರೋಯೊ ಹೋಂದೊ
೭ ಮೇ ೧೯೬೧

ಮುದ್ದು ಒತಿಲಿಯಾ,

ತಂತಿ ಕಚೇರಿಯವನು ಒಂದೇ ಪದ ನೋಡಿ, "ಏನ್ ಬಂತು?" ಎಂದು ಕಣ್ಣರಳಿಸಿದ. "ನಿಂಗ್ಯಾಕಪ್ಪಾ? ಕುಟ್ಟು," ಎಂದೆ. ಇದು ಹಿಂದಿನ ಮಾತು. ಈಗ ಕೇಳು. ನಾನು ಸಿಕ್ಕಿಬಿದ್ದೆ.

ನಿನ್ನೆ ಐದನೆಯ ದಿನ. ಬೆಳಗ್ಗೆ ನಿಕಾನೋರ್ ಕತ್ತಿ ಮಸೆಯುತ್ತಿದ್ದ. ಅವನ ಕಡೆ ಬೆನ್ನು ಹಾಕಿ ಸೀಸೆ ತೆರೆದು ಒಂದು ಮಾತ್ರೆಯನ್ನು ಅಂಗೈಗೆ ಬೀಳಿಸಿಕೊಂಡೆ. ಮಸೆಯುವ ಸದ್ದು ನಿಂತಿತು. ಗೆಡ್ಡೆ ಕುಡಿದ ದಿನದಿಂದ ಅವನ ಕಣ್ಣು ನನ್ನ ಬಾಯಿಯ ಮೇಲೇ ಇರುತ್ತದೆ ಎಂದು ಬರೆದಿದ್ದೆನಲ್ಲ.

"ಏನ್ಮೀ ಅದು? ಏನ್ ಹಾಕ್ಕತಾ ಇದೀಯ ಬಾಯ್ಗೆ?"

ಸುಳ್ಳು ಸಿದ್ಧವಾಗಿತ್ತು, ಮೊಣಕಾಲು ನೋವಿಗೆ ಎಂದು. ಆದರೆ ಅದೇಕೋ ಬಾಯಿಂದ ನಿಜವೇ ಬಂದುಬಿಟ್ಟಿತು. ಲಿನೊ ಹುಟ್ಟಿದಾಗ ಚೆಂಚಾ ಹೇಳಿದ್ದು, ಹಸಿಂತಾಳ ಹಿತ್ತಲಿನ ಹಂಡೆ, ಡಾಕ್ಟರಮ್ಮ, ಎಲ್ಲ. ಹೊಡೆದರೆ ಹೊಡೆಯಲಿ ಎಂದು ಕಣ್ಣು ಮುಚ್ಚಿಕೊಂಡು ಹೇಳಿದೆ.

ಅವನು ಕತ್ತಿ ಕೆಳಗಿಟ್ಟು ಹತ್ತಿರ ಬಂದ. "ಅದೇ ಗೆಡ್ಡೇನಾ ಇದು? ನಿನ್ನ ಸಾಯ್ಸಕ್ಕೆ ಹೊಂಟಿತ್ತಲ್ಲ, ಅದೇನಾ?" ಎಂದ.

"ಅದೇ. ಆದ್ರೆ ವಿಷ ತೆಗ್ದಿದಾರಂತೆ."

"ಚೆಂಚಾನೂ ವಿಷ ತೆಗ್ದಿದೀನಿ ಅಂದಿದ್ಲು."

ಹಾಗೆಂದವನೇ ನನ್ನ ಅಂಗೈಯಲ್ಲಿದ್ದ ಮಾತ್ರೆ ಕಿತ್ತುಕೊಂಡು ತನ್ನ ಬಾಯಿಗೆ ಹಾಕಿಕೊಂಡ. ನಾನು ಕಿರುಚಿಕೊಂಡು ಕೈ ಹಿಡಿಯುವುದರೊಳಗೆ ಕಾಫಿ ಕುಡಿದು ನುಂಗಿಬಿಟ್ಟಿದ್ದ! ಇದು ಹೆಂಗಸರದ್ದು ಕಣೋ ಎಂದು ಎದೆಗೆ ಗುದ್ದಿದೆ. ಅವನು ಹೊಸಿಲ ಮೇಲೆ ಹೋಗಿ ಕೂತು, "ಕಾಯಾನ. ಸತ್ರೆ ನಾ ಸಾಯ್ತೀನಿ. ಆರ್ ಮಕ್ಳಿಗೆ ಅಪ್ಪ ಇಲ್ದಿದ್ರೂ ನಡೀತದೆ, ಅವ್ವ ಇಲ್ದಿದ್ರೆ ನಡಿಯಾಕಿಲ್ಲ," ಎಂದ.

ಬೆಟ್ಟಕ್ಕೆ ಹೋಗಲಿಲ್ಲ. ಗೆಡ್ಡೆ ಕೊಳ್ಳುವವನು ಬಂದು ಕರೆದರೂ ಏಳಲಿಲ್ಲ. ಟೋಪಿ ಮಡಿಲಲ್ಲಿಟ್ಟುಕೊಂಡು, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಧ್ಯಾಹ್ನದವರೆಗೆ ಹಾಗೇ ಕೂತಿದ್ದ. ನಾನು ಒಳಗೆ ಜೋಳ ಅರೆಯುತ್ತ ನಗುತ್ತಿದ್ದೆ, ಅಳುತ್ತಲೂ ಇದ್ದೆ. ಹದಿನಾಲ್ಕು ವರ್ಷ ಈ ಮನುಷ್ಯನ ಜೊತೆ ಬಾಳಿದ್ದೇನೆ, ನಾನೆಂದರೆ ಅವನಿಗೆ ಇಷ್ಟು ಜೀವ ಎಂದು ನನಗೆ ಗೊತ್ತೇ ಇರಲಿಲ್ಲ. ಬಿಸಿಲು ಹೊಸಿಲು ದಾಟಿದಾಗ ಎದ್ದು ಬಂದು, ಸೀಸೆ ತೆರೆದು, ತನ್ನ ಮಣ್ಣು ಕೈಯಿಂದಲೇ ಒಂದು ಮಾತ್ರೆ ತೆಗೆದು ನನ್ನ ಬಾಯಿಗೆ ಹಿಡಿದ.

"ನಂಗೇನೂ ಆಗಿಲ್ಲ. ತಗೋ."

ತೆಗೆದುಕೊಂಡೆ ಒತಿಲಿಯಾ. ಇವತ್ತೂ ಅವನೇ ಕೊಟ್ಟ.

ಈಗ ಸೀಸೆಯಲ್ಲಿ ಒಂದು ಮಾತ್ರೆ ಕಡಿಮೆ ಬೀಳುತ್ತದೆ, ಒಂದೂ ತಪ್ಪಬಾರದು ಎಂದು ಡಾಕ್ಟರಮ್ಮ ಬೆರಳೆತ್ತಿ ಹೇಳಿದ್ದಾರೆ. ಈ ಕಾಗದ ಕೈಸೇರಿದ ದಿನವೇ ಅವರ ಹತ್ತಿರ ಹೋಗಿ ಇನ್ನೊಂದು ಕೇಳು. ಕಳೆದುಹೋಯಿತು ಎಂದು ಸುಳ್ಳು ಹೇಳಬೇಡ. ಗಂಡ ನುಂಗಿದ ಎಂದೇ ಹೇಳು, ಯಾಕೆ ನುಂಗಿದ ಎಂಬುದನ್ನೂ ಹೇಳು. ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕಳಿಸು. ನಿಕಾನೋರ್ ತಾನೇ ಬಂದು ಇಸಕೊಳ್ಳುತ್ತಾನಂತೆ.

ನಿನ್ನ ಅಕ್ಕ,
ತೊಮಾಸಾ